ಮಕ್ಕಳ ಫೋನಿಗೂ ಒಂದು ಕಣ ಬೇಕು

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕಥೆ ಬರೆಯುವವನಲ್ಲ, ಆಳುಗಳ ಹಾಜರಿ, ಗೊಬ್ಬರದ ಲೆಕ್ಕ ಬರೆಯುವವನು. ಕಂಪ್ಯೂಟರ್ ಓದಿದವನೂ ಅಲ್ಲ. ಹೋದ ಜನವರಿಯಲ್ಲಿ ನಮ್ಮ ಮನೆಯಲ್ಲಿ ಒಂದು ಎಡವಟ್ಟಾಯಿತು. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನಮ್ಮಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳೆಲ್ಲ ಕೊಡೆ ಹಿಡಿದು ಅಲ್ಲೇ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದರು. ಯಾರ ಫೋನಲ್ಲಿ ಏನು ಓಡ್ತಿದೆ ಅಂತ ಹೋಗಿ ಬರುವವರಿಗೆಲ್ಲ ಕಾಣುತ್ತಿತ್ತು. ನಾವು ನೆಟ್‌ವರ್ಕಿಗೆ ಶಾಪ ಹಾಕಿದ್ದೇ ಬಂತು. ಆಮೇಲೆ ಮನೆಗೆ ವೈಫೈ ಬಂತು. ಫೋನು ಕಣದಿಂದ ಜಗಲಿಗೆ, ಜಗಲಿಯಿಂದ ರೂಮಿಗೆ, ರೂಮಿಂದ ಕಂಬಳಿಯೊಳಕ್ಕೆ ಹೋಯ್ತು.

ಮಗ ಒಂಬತ್ತನೇ ಕ್ಲಾಸು. ಗೇಮಿನಲ್ಲಿ ಪರಿಚಯವಾದ ಯಾವನೋ 'ಬ್ರೋ', ಪುಕ್ಕಟೆ ಡೈಮಂಡ್ (ಗೇಮಿನೊಳಗಿನ ದುಡ್ಡು) ಕೊಡ್ತೀನಿ, ನಿಮ್ಮಮ್ಮನ ನಂಬರಿಗೆ ಬರೋ 6 ಅಂಕಿ ಹೇಳು ಅಂದ. ಇವನು ಹೇಳಿದ. ಅದು ವಾಟ್ಸಾಪ್ ಕೋಡ್. ನನ್ನ ಹೆಂಡತಿಯ ವಾಟ್ಸಾಪ್ ಅವನ ಕೈಗೆ ಹೋಯ್ತು. ಅವಳ ತವರಿನವರಿಗೆಲ್ಲ 'ಅರ್ಜೆಂಟು, ಐದು ಸಾವಿರ ಹಾಕಿ' ಅಂತ ಮೆಸೇಜು ಹೋಯ್ತು. ಇವಳು ಕೇಳಿದರೆ ಮಗ 'ಸರ್ವರ್ ಪ್ರಾಬ್ಲಂ ಅಮ್ಮ' ಅಂದ.

ಸಂಜೆ ನಾನು ಕಣದಲ್ಲಿ ಕಾಫಿ ಗುಡ್ಡೆ ಮಾಡಿಸುತ್ತಿದ್ದೆ. ವೈಫೈ ಬಂದ ಮೇಲೆ ಆ ಕಡೆ ತಲೆ ಹಾಕದ ಮಗ ಬಂದು, ಗುಡ್ಡೆಯಾಗಿದ್ದ ಕಾಫಿಯನ್ನೇ ಮತ್ತೆ ಮತ್ತೆ ಎಳೆಯತೊಡಗಿದ. ಏನೋ ಇದೆ ಅನ್ನಿಸಿತು. 'ಅಪ್ಪ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ' ಅಂದ. ಅಷ್ಟರಲ್ಲಿ ಹಾಸನದಲ್ಲಿರುವ ಭಾಮೈದ ಮಧ್ಯಾಹ್ನವೇ ದುಡ್ಡು ಹಾಕಿಯಾಗಿತ್ತು. 'ಬೆಳಗ್ಗೆನೇ ಯಾಕೋ ಹೇಳಲಿಲ್ಲ?' ಅಂದೆ. 'ಇನ್ನೊಂದು ಸಲ ಏನಾದ್ರೂ ಆದ್ರೆ ಫೋನ್ ಕಿತ್ಕೊಳ್ತೀನಿ ಅಂದಿದ್ರಲ್ಲ' ಅಂದ.

ಹೌದು, ಅಂದಿದ್ದೆ. ಐದು ಸಾವಿರದಲ್ಲಿ ಅರ್ಧ ತಪ್ಪು ನನ್ನದೇ.

ಹಾಗಾಗಿ ಸೆಟ್ಟಿಂಗಿಗಿಂತ ಮೊದಲು ಒಂದು ಮಾತು ಬದಲಾಯಿಸಿ. ನಾನು ಈಗ ಹೇಳುವುದು ಇಷ್ಟೇ: 'ಏನೇ ಆದ್ರೂ ಮೊದಲು ನಂಗೆ ಹೇಳು. ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ.' ಹೇಳೋದು ಸುಲಭ, ಉಳಿಸಿಕೊಳ್ಳೋದು ಕಷ್ಟ. ಐದನೇ ಕ್ಲಾಸಿನ ಮಗಳು ಒಂದಿನ ಯಾವುದೋ ಹೊಲಸು ವಿಡಿಯೋ ತಾನಾಗೇ ಬಂತು ಅಂತ ತಂದು ತೋರಿಸಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. 'ತೋರಿಸಿದ್ದು ಒಳ್ಳೇದಾಯ್ತು' ಅಂದು, ಇಬ್ಬರೂ ಕೂತು ಅದನ್ನು ರಿಪೋರ್ಟ್ ಮಾಡಿದೆವು.

ಎರಡನೆಯದು ಜಾಗ. ಚಾರ್ಜರ್ ಬೋರ್ಡನ್ನು ಜಗಲಿಗೆ ತಂದೆ. ರಾತ್ರಿ 9ಕ್ಕೆ ಎಲ್ಲರ ಫೋನೂ ಅಲ್ಲಿ, ನನ್ನದೂ ಸೇರಿ. ಕಾಫಿ ರೇಟಿನ ಗ್ರೂಪ್ ನೋಡದೆ ಮಲಗೋದು ನನಗೇ ಜಾಸ್ತಿ ಕಷ್ಟ ಆಯ್ತು.

ಇನ್ನು ಸೆಟ್ಟಿಂಗು. ಮೊದಲು ಮನೆಯ ದೊಡ್ಡವರ ವಾಟ್ಸಾಪ್ ಭದ್ರ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಒತ್ತಿ, ಟು ಸ್ಟೆಪ್ ವೆರಿಫಿಕೇಷನ್‌ಗೆ ಹೋಗಿ 6 ಅಂಕಿಯ ಪಿನ್ ಇಡಿ. ಇದೊಂದಿದ್ದಿದ್ದರೆ ಆವತ್ತು ಕೋಡ್ ಸಿಕ್ಕರೂ ಅವನು ಒಳಗೆ ಬರುತ್ತಿರಲಿಲ್ಲ. ಅಲ್ಲೇ ಪ್ರೈವೆಸಿಯಲ್ಲಿ ಗ್ರೂಪ್ಸ್ ಅಂತ ಇದೆ, 'ಮೈ ಕಾಂಟ್ಯಾಕ್ಟ್ಸ್' ಮಾಡಿದರೆ ಗುರುತಿಲ್ಲದವರು ಗ್ರೂಪಿಗೆ ಎಳೆಯಲಾರರು. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿದ್ದರೆ ಇವತ್ತೇ ಬದಲಾಯಿಸಿ.

ಮಗಳಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿದೆ. ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್ ಅಂತ ನನ್ನ ಫೋನಿಂದಲೇ ಇಡಬಹುದು. ಹೊಸ ಆ್ಯಪ್ ಹಾಕಬೇಕಾದರೆ ನನ್ನ ಒಪ್ಪಿಗೆ ಬೇಕು. ಮಗನಿಗೆ ಇನ್‌ಸ್ಟಾಗ್ರಾಮ್ ಇದೆ. 13 ದಾಟಿದವರಿಗೇ ಅದು. ಹದಿಹರೆಯದವರ ಅಕೌಂಟ್ ಈಗ ತಾನಾಗೇ ಪ್ರೈವೇಟ್ ಆಗಿರುತ್ತದೆ, ಅದನ್ನು ಸಡಿಲ ಮಾಡಲು 16 ಆಗದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆದರೆ ನಮ್ಮವನು ಹುಟ್ಟಿದ ವರ್ಷ 2001 ಅಂತ ಹಾಕಿಕೊಂಡಿದ್ದ! ಇನ್‌ಸ್ಟಾಗ್ರಾಮ್ ಲೆಕ್ಕದಲ್ಲಿ ಮದುವೆಗೆ ಬಂದ ಗಂಡು. ನಿಮ್ಮ ಮಕ್ಕಳದ್ದೂ ಅದೊಂದು ನೋಡಿಬಿಡಿ.

ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಕಳ್ಳ ದುಡ್ಡು ತೆಗೆಯುವ ಮುಂಚೆ ಬ್ಯಾಂಕು ತಡೆ ಹಿಡಿಯಬೇಕಲ್ವಾ, ಅದಕ್ಕೆ ಅವಸರ. ನಾವು ಮಾಡಿದ್ದು ತಡವಾಯ್ತು. ಭಾಮೈದನ ದುಡ್ಡು ಬರಲಿಲ್ಲ, ನಾನೇ ಕೊಟ್ಟೆ.

ದುಡ್ಡಿಗಿಂತ ಭಯ ಬೇರೆ ಇದೆ. ಯಾರೋ ಸ್ನೇಹಿತರ ಹಾಗೆ ನಟಿಸಿ ಮಗುವಿನ ಫೋಟೋ ತರಿಸಿಕೊಂಡು, 'ಇನ್ನೊಂದು ಕಳಿಸು, ಇಲ್ಲದಿದ್ರೆ ಎಲ್ಲರಿಗೂ ಹಾಕ್ತೀನಿ' ಅನ್ನುವುದು. ಹಾಗಾದಾಗ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ದುಡ್ಡು ಕೊಡಬೇಡಿ, ಇನ್ನೊಂದು ಫೋಟೋನೂ ಬೇಡ. ಸಿಟ್ಟಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜು, ಅವನ ಐಡಿ, ನಂಬರಿನ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಆ ಫೋಟೋವನ್ನು ಮಾತ್ರ ಯಾರಿಗೂ, ಮಾವನಿಗೂ ಕೂಡ, ಫಾರ್ವರ್ಡ್ ಮಾಡಬೇಡಿ. 1098 ಮಕ್ಕಳ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 18 ತುಂಬದವರನ್ನು ಹೀಗೆ ಕಾಡುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ತಪ್ಪು ಮಗುವಿನದಲ್ಲ ಅಂತ ಮಗುವಿಗೂ ಹೇಳಿ. 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆಯೂ ಇದೆ. ಫೋಟೋ ನಿಮ್ಮ ಫೋನಲ್ಲೇ ಇರುತ್ತದೆ, ಅದರ ಬೆರಳಚ್ಚಿನಂಥ ಗುರುತು ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಇದಕ್ಕೆ ಕೈಜೋಡಿಸಿರುವ ಕಂಪನಿಗಳು ತಮ್ಮಲ್ಲಿ ಆ ಫೋಟೋ ಇದ್ದರೆ ತೆಗೆಯುತ್ತವೆ.

ಇಷ್ಟೆಲ್ಲ ಮಾಡಿ ನಿಶ್ಚಿಂತೆಯಿಂದ ಇದ್ದೆ. ಮೊನ್ನೆ ಮಗ ಪಕ್ಕದ ಕ್ವಾರ್ಟರ್ಸಿನ ವೈಫೈ ಪಾಸ್‌ವರ್ಡ್ ಪತ್ತೆ ಮಾಡಿಕೊಂಡಿದ್ದಾನೆ ಅಂತ ಗೊತ್ತಾಯ್ತು. ಹೇಳಿದ್ದು ಅವನೇ. ಹಾಗಾಗಿ ಬೈಯೋ ಹಾಗೂ ಇಲ್ಲ.