ನಲವತ್ತು ಕಾಲಂಗೆ ಒಂದೇ ಫಂಕ್ಷನ್

ಮೊದಲು ನಾನೂ ಎಲ್ಲರ ಹಾಗೆ ಕಾಪಿ-ಪೇಸ್ಟ್ ಮಾಡುತ್ತಿದ್ದೆ. ಒಂದು ವೇರಿಯಬಲ್‌ಗೆ, ಅಂದರೆ ಡೇಟಾದ ಒಂದು ಕಾಲಂಗೆ, ಬಾಕ್ಸ್‌ಪ್ಲಾಟ್ (ಅಂಕಿಗಳ ಹರವನ್ನು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್) ಬಿಡಿಸುವ ಕೋಡ್ ಬರೆದೆ, ಚೆನ್ನಾಗಿ ಬಂತು. ಆ ಎಂಟು ಸಾಲನ್ನೇ ಕೆಳಗೆ ಅಂಟಿಸಿ ಕಾಲಂ ಹೆಸರು ಬದಲಿಸಿದೆ. ಆರೋಗ್ಯ ಸಮೀಕ್ಷೆಯೊಂದರ ಡೇಟಾ, ನಲವತ್ತು ಕಾಲಂ. ಫೈಲು ಮುನ್ನೂರು ಸಾಲು ದಾಟಿತು. ಆಮೇಲೆ ತಂಡದವರೊಬ್ಬರು ನೋಡಿ, "ಅಕ್ಷರ ಸ್ವಲ್ಪ ದೊಡ್ಡದು ಮಾಡ್ತೀರಾ?" ಅಂದರು. ನಲವತ್ತು ಕಡೆ ತಿದ್ದಲು ಕೂತಾಗ ಕಣ್ಣಿಗೆ ಬಿತ್ತು: ಒಂದು ಕಡೆ ಕಾಲಂ ಬದಲಾಗಿದೆ, ಶೀರ್ಷಿಕೆ ಬದಲಾಗಿಲ್ಲ. ರಕ್ತದೊತ್ತಡದ ಗ್ರಾಫ್ ಮೇಲೆ "ತೂಕ" ಅಂತ ಇತ್ತು. ಅದು ಹಾಗೇ ವರದಿಗೆ ಹೋಗಿದ್ದರೆ ಅಂತ ಯೋಚಿಸಿ ಕೈ ನಡುಗಿತು. ಅವತ್ತೇ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದೆ.

ನಾನು ಕೆಲಸ ಮಾಡುವುದು ಅಂಕಿಅಂಶಗಳಿಗೆ ಬಳಸುವ ಆರ್ ಭಾಷೆಯಲ್ಲಿ, ಗ್ರಾಫ್ ಬಿಡಿಸುವ ಜಿಜಿಪ್ಲಾಟ್2 ಪ್ಯಾಕೇಜ್ ಬಳಸಿ. ಈ ಸಲ ಸಮೀಕ್ಷೆಯ ಡೇಟಾ ಮುಟ್ಟುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಡೇಟಾ ಮೇಲೆ ಕೋಡ್ ಓಡಿಸಿ ನೋಡಬೇಕು ಅನ್ನಿಸಿತು. ಅದಕ್ಕೆ ಪಾಮರ್ ಪೆಂಗ್ವಿನ್ ಡೇಟಾ ತೆಗೆದುಕೊಂಡೆ. ಅಂಟಾರ್ಕ್ಟಿಕಾದಲ್ಲಿ 2007ರಿಂದ 2009ರವರೆಗೆ ಅಳೆದ 344 ಪೆಂಗ್ವಿನ್‌ಗಳು, ಮೂರು ಜಾತಿ, ನಾಲ್ಕು ಅಳತೆ: ಕೊಕ್ಕಿನ ಉದ್ದ, ಕೊಕ್ಕಿನ ದಪ್ಪ, ರೆಕ್ಕೆಯ ಉದ್ದ, ದೇಹದ ತೂಕ. ಎರಡು ಹಕ್ಕಿಗಳ ಅಳತೆ ಖಾಲಿ ಇದೆ. ಜೆಂಟೂ ಜಾತಿಯ ರೆಕ್ಕೆ ಉಳಿದೆರಡಕ್ಕಿಂತ ಉದ್ದ. ಇಷ್ಟು ಗೊತ್ತಿದ್ದರೆ ಕೋಡ್ ಸರಿಯಿದೆಯೋ ಇಲ್ಲವೋ ಹೇಳಬಹುದು.

ಒಂದೇ ಕೆಲಸವನ್ನು ಪ್ರತಿ ಕಾಲಂಗೂ ಸುತ್ತಿ ಸುತ್ತಿ ಮಾಡಿಸುವ ಫಾರ್ ಲೂಪ್ ಬರೆದು, ನಾಲ್ಕೂ ಪ್ಲಾಟ್‌ಗಳನ್ನು ಒಂದು ಲಿಸ್ಟ್‌ಗೆ ತುಂಬಿಸಿ, ಕೊನೆಗೆ ಒಟ್ಟಿಗೆ ಪಿಡಿಎಫ್‌ಗೆ ಕಳಿಸಿದೆ. ಎರರ್ ಬರಲಿಲ್ಲ. ನಾಲ್ಕು ಪುಟ, ನಾಲ್ಕು ಬೇರೆ ಬೇರೆ ಶೀರ್ಷಿಕೆ. ಮೊದಲ ಪುಟದಲ್ಲಿ "ಕೊಕ್ಕಿನ ಉದ್ದ, ಮಿ.ಮೀ." ಅಂತ ಇದೆ, ಪಕ್ಕದ ಅಕ್ಷದಲ್ಲಿ 3000, 4000, 5000, 6000. ಆರು ಮೀಟರ್ ಕೊಕ್ಕು ಯಾವ ಪೆಂಗ್ವಿನ್‌ಗೂ ಇಲ್ಲ. ಪುಟ ತಿರುವಿದರೆ ನಾಲ್ಕರಲ್ಲೂ ಇದ್ದದ್ದು ಗ್ರಾಂ ಲೆಕ್ಕದ ದೇಹದ ತೂಕವೇ.

ಕಾರಣ ಹುಡುಕಲು ಅರ್ಧ ದಿನ ಹೋಯಿತು. ಪ್ಲಾಟ್ ಕಟ್ಟುವಾಗ ಜಿಜಿಪ್ಲಾಟ್ ಕಾಲಂನ ಅಂಕಿಗಳನ್ನು ಓದುವುದಿಲ್ಲ, ಯಾವ ಕಾಲಂ ಓದಬೇಕು ಅನ್ನುವ ಸೂಚನೆಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಚಿತ್ರ ಬಿಡಿಸುವ ಹೊತ್ತಿಗೆ ಆ ಸೂಚನೆ ತೆಗೆದು ಓದುತ್ತದೆ. ಅಷ್ಟರಲ್ಲಿ ಲೂಪ್ ಮುಗಿದು, ಲೂಪಿನ ಕೈಯಲ್ಲಿ ಕೊನೆಯ ಕಾಲಂ ಹೆಸರು ಮಾತ್ರ ಉಳಿದಿರುತ್ತದೆ. ಶೀರ್ಷಿಕೆ ಆಯಾ ಸುತ್ತಿನಲ್ಲೇ ಅಚ್ಚಾಗಿರುವುದರಿಂದ ಅದು ಸರಿಯಾಗೇ ಕಾಣುತ್ತದೆ, ಹಾಗಾಗಿ ಸಂಶಯವೂ ಬರುವುದಿಲ್ಲ. ನಾನು ಕಂಡ ದೋಷಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ಇದನ್ನು ಸರಿಪಡಿಸಲು ಪ್ಲಾಟ್ ಕಟ್ಟುವ ಕೆಲಸವನ್ನು ಒಂದು ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಕೋಡ್ ತುಂಡು) ಒಳಗೆ ಹಾಕಿದೆ. ಕಾಲಂ ಹೆಸರು ಅದಕ್ಕೆ ಅಕ್ಷರ ರೂಪದಲ್ಲಿ ಹೋಗುತ್ತದೆ, ಒಳಗೆ "ಡಾಟ್ ಡೇಟಾ" (.data) ಅನ್ನುವ ಪದದ ಮೂಲಕ ಆ ಹೆಸರಿನ ಕಾಲಂ ಸಿಗುತ್ತದೆ. ಲೂಪ್ ಬದಲು ಲ್ಯಾಪ್ಲೈ, ಅಂದರೆ ಪಟ್ಟಿಯ ಪ್ರತಿ ಹೆಸರಿಗೂ ಆ ಫಂಕ್ಷನ್ ಓಡಿಸುವ ಆದೇಶ. ಫಂಕ್ಷನ್ ಪ್ರತಿ ಸಲ ಓಡಿದಾಗಲೂ ಅದಕ್ಕೆ ಅದರದೇ ಹೆಸರು ನೆನಪಿರುತ್ತದೆ, ಇನ್ನೊಂದರ ಜೊತೆ ಬೆರೆಯುವುದಿಲ್ಲ. ಈ ಸಲ ನಾಲ್ಕು ಪುಟದಲ್ಲೂ ಬೇರೆ ಬೇರೆ ಚಿತ್ರ. ಪ್ರತಿಯೊಂದಕ್ಕೂ ಖಾಲಿ ಇದ್ದ 2 ಸಾಲು ಬಿಟ್ಟಿದ್ದೇನೆ ಅನ್ನುವ ಎಚ್ಚರಿಕೆ ಬಂತು. ಆ ಎಚ್ಚರಿಕೆಯನ್ನು ಯಾವತ್ತೂ ಬಾಯಿ ಮುಚ್ಚಿಸಬೇಡಿ. ಎಷ್ಟು ಸಾಲು ಬಿಟ್ಟಿದೆ ಅನ್ನುವುದನ್ನು ನಾನೀಗ ಗ್ರಾಫ್ ಕೆಳಗೇ ಬರೆಸುತ್ತೇನೆ.

ನನ್ನ ಮಟ್ಟಿಗೆ ನಿಜವಾದ ಕೆಲಸ ಇದ್ದದ್ದು ಫಂಕ್ಷನ್‌ನಲ್ಲಿ ಅಲ್ಲ, ಅದಕ್ಕೆ ಕೊಡುವ ಪಟ್ಟಿಯಲ್ಲಿ. ನಲವತ್ತು ವೇರಿಯಬಲ್‌ಗೆ ಒಂದು ಪುಟ್ಟ ಟೇಬಲ್ ಮಾಡಿದೆ: ಕಾಲಂ ಹೆಸರು, ಓದುಗರಿಗೆ ಕಾಣಬೇಕಾದ ಹೆಸರು, ಯೂನಿಟ್, ಸ್ಕೇಲ್ ಸಾದಾ ಇರಬೇಕೋ ಲಾಗ್ (ಪ್ರತಿ ಹೆಜ್ಜೆಗೂ ಅಷ್ಟೇ ಪಟ್ಟು ಏರುವುದು) ಇರಬೇಕೋ, ಮಾಹಿತಿ ಇಲ್ಲದ ಕಡೆ ಯಾವ ಕೋಡ್ ಹಾಕಿದ್ದಾರೆ. ಕೈಯಿಂದ ತುಂಬಲು ಒಂದು ಮಧ್ಯಾಹ್ನ ಹಿಡಿಯಿತು. ಕೊನೆಯ ಕಾಲಂ ತುಂಬುವಾಗಲೇ ಗೊತ್ತಾದದ್ದು, ಕೆಲವು ಕಡೆ ಉತ್ತರ ಸಿಗದಿದ್ದರೆ 999 ಅಂತ ಬರೆದಿದ್ದಾರೆ. ತೂಕಕ್ಕೆ 999 ಕಿಲೋ ಬಂದರೆ ಬಾಕ್ಸ್‌ಪ್ಲಾಟ್‌ನಲ್ಲಿ ಎದ್ದು ಕಾಣುತ್ತದೆ. ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್‌ನಂಥ ರಕ್ತಪರೀಕ್ಷೆಯಲ್ಲಿ 999 ನಿಜವಾಗಿಯೂ ಬರಬಹುದಾದ ಸಂಖ್ಯೆ. ಕಣ್ಣು ಅದನ್ನು ಹಿಡಿಯುವುದಿಲ್ಲ, ಪಟ್ಟಿ ಹಿಡಿಯುತ್ತದೆ.

ಆಮೇಲೆ ಹಿಸ್ಟೋಗ್ರಾಂ, ಅಂದರೆ ಯಾವ ಅಂಕಿ ಎಷ್ಟು ಸಲ ಬಂದಿದೆ ಅಂತ ಕಂಬಗಳಲ್ಲಿ ತೋರಿಸುವ ಗ್ರಾಫ್, ಸೇರಿಸಿದೆ. ಜಿಜಿಪ್ಲಾಟ್ ತಾನಾಗಿ 30 ಕಂಬ ಹಾಕುತ್ತದೆ, ಅದು ಎಲ್ಲದಕ್ಕೂ ಹೊಂದುವುದಿಲ್ಲ. ಅದಕ್ಕೆ ಸಂಖ್ಯಾಶಾಸ್ತ್ರಜ್ಞರಾದ ಫ್ರೀಡ್‌ಮನ್ ಮತ್ತು ಡಯಾಕೋನಿಸ್ 1981ರಲ್ಲಿ ಕೊಟ್ಟ ಸೂತ್ರ ಹಾಕಿದೆ: ಮಧ್ಯದ ಅರ್ಧದಷ್ಟು ಅಂಕಿಗಳ ಹರವನ್ನು ಎರಡರಿಂದ ಗುಣಿಸಿ, ಒಟ್ಟು ಸಂಖ್ಯೆಯ ಘನಮೂಲದಿಂದ ಭಾಗಿಸಿದರೆ ಕಂಬದ ಅಗಲ. ಹದಿನಾರು ವೇರಿಯಬಲ್ ಸಲೀಸಾಗಿ ಹೋದವು, ಹದಿನೇಳನೆಯದಕ್ಕೆ ಕೋಡ್ ನಿಂತಿತು. ಅದು ದಿನಕ್ಕೆ ಸೇದುವ ಸಿಗರೇಟ್ ಸಂಖ್ಯೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಉತ್ತರ ಸೊನ್ನೆ, ಹಾಗಾಗಿ ಮಧ್ಯದ ಹರವು ಸೊನ್ನೆ, ಕಂಬದ ಅಗಲವೂ ಸೊನ್ನೆ. ಅಂಥ ಎಣಿಕೆಗಳಿಗೆ ಅಗಲ 1 ಅಂತ ಪಟ್ಟಿಯಲ್ಲೇ ಬರೆದೆ. ಒಂದು ಕೆಟ್ಟರೆ ಉಳಿದವು ನಿಲ್ಲದಿರಲಿ ಅಂತ ಫಂಕ್ಷನ್ ಸುತ್ತ ಎರರ್ ಹಿಡಿದು ಕೋಡನ್ನು ಮುಂದೆ ಸಾಗಿಸುವ ಟ್ರೈಕ್ಯಾಚ್ ಹಾಕಿ, ಕೆಟ್ಟದ್ದರ ಹೆಸರು ಮತ್ತು ಎರರ್ ಎರಡನ್ನೂ ಬೇರೆ ಫೈಲಿಗೆ ಬರೆಸಿದೆ. ಬರೆಸದೆ ಬರೀ ದಾಟಿಸಿದರೆ ನಲವತ್ತರಲ್ಲಿ ಮೂವತ್ತೊಂಬತ್ತು ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಗ್ರಾಫ್‌ನಲ್ಲಿ ಹೋಲಿಸುವ ಗುಂಪುಗಳ ಬಣ್ಣವನ್ನೂ ಆಯಾ ಗುಂಪಿನ ಹೆಸರಿಗೇ ಕಟ್ಟಬೇಕು. ಯಾವುದೋ ವೇರಿಯಬಲ್‌ನಲ್ಲಿ ಒಂದು ಗುಂಪಿನ ಡೇಟಾ ಇಲ್ಲದಿದ್ದರೆ ಉಳಿದ ಗುಂಪುಗಳ ಬಣ್ಣ ಪಲ್ಲಟವಾಗುತ್ತದೆ, ಹಿಂದಿನ ಪುಟದ ನೀಲಿ ಈ ಪುಟದಲ್ಲಿ ಬೇರೆ ಗುಂಪಾಗಿರುತ್ತದೆ.

ಕೋಡ್ ಸುಲಭವಾದ ಮೇಲೆ ಪ್ರತಿ ಗ್ರಾಫ್ ಮೂಲೆಯಲ್ಲಿ ಪಿ-ವ್ಯಾಲ್ಯೂ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಹಾಕುವ ಆಸೆ ಬಂತು, ಹಾಕಿಯೂ ಹಾಕಿದೆ. ಆಮೇಲೆ ಲೆಕ್ಕ ಮಾಡಿ ನೋಡಿದೆ. ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದಿದ್ದರೂ 0.05ರ ಮಟ್ಟದಲ್ಲಿ, ಅಂದರೆ ಪಿ ಅದಕ್ಕಿಂತ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿದರೆ, 40 ಪರೀಕ್ಷೆಗಳಲ್ಲಿ ಸರಾಸರಿ ಎರಡು "ಮಹತ್ವದ್ದು" ಅಂತ ಬರುತ್ತವೆ. ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಒಂದಾದರೂ ಹಾಗೆ ಬರುವ ಸಂಭವ ಸುಮಾರು ಶೇ. 87. ನೋಡುವವರ ಕಣ್ಣು ನೇರವಾಗಿ ಆ ಎರಡರ ಮೇಲೇ ಹೋಗುತ್ತದೆ. ಎಲ್ಲವನ್ನೂ ತೆಗೆದುಹಾಕಿದೆ. ಮೊದಲೇ ಕೇಳಿಕೊಂಡಿದ್ದ ಮೂರು ಪ್ರಶ್ನೆಗಳಿಗೆ ಮಾತ್ರ ಪರೀಕ್ಷೆ ಮಾಡಿ, ಫಲಿತಾಂಶವನ್ನು ಬೇರೆ ಕೋಷ್ಟಕದಲ್ಲಿ ಕೊಟ್ಟೆ.

ಕಳೆದ ತಿಂಗಳು ಡೇಟಾದ ತಿದ್ದಿದ ಪ್ರತಿ ಬಂತು, ಜೊತೆಗೆ ಮೂರು ಹೊಸ ಕಾಲಂ. ಪಟ್ಟಿಗೆ ಮೂರು ಸಾಲು ಸೇರಿಸಿ ಓಡಿಸಿದೆ, ಎರಡು ನಿಮಿಷದಲ್ಲಿ ನಲವತ್ತಮೂರು ವೇರಿಯಬಲ್‌ಗಳ ಗ್ರಾಫ್ ಸಿದ್ಧ. ಅವನ್ನು ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಒಂದೊಂದಾಗಿ ನೋಡಲು ಸಂಜೆಯವರೆಗೆ ಹಿಡಿಯಿತು.