ಕೋಲಾರದ ನ್ಯಾರೋ ಗೇಜ್ ರೈಲು 9 ಮಿ.ಮೀ. ಹಳಿ ಮೇಲೆ: ನನ್ನ ಅನುಭವ

ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ ನ್ಯಾರೋ ಗೇಜ್ (ಹಳಿಗಳ ನಡುವಿನ ಅಂತರ ಕಮ್ಮಿ ಇರುವ) ಲೈನಿನ ಓಡುವ ಮಾಡೆಲನ್ನು 1:87ರಲ್ಲಿ, ಅಂದರೆ ನಿಜದ 87ನೇ ಒಂದು ಭಾಗದ ಅಳತೆಯಲ್ಲಿ, ಮಾಡುತ್ತೇನೆ, ಹಳಿಯನ್ನೂ ಕೈಯಲ್ಲೇ ಕಟ್ಟುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಅಷ್ಟು ಸಣ್ಣ ಇಂಜಿನ್ ಪ್ರತಿ ಪಾಯಿಂಟ್ ಮೇಲೂ ನಿಲ್ಲುತ್ತೆ ಕಣಪ್ಪಾ, ಸುಮ್ನೆ ರೆಡಿಮೇಡ್ ತಗೋ" ಅಂದರು. ಪಾಯಿಂಟ್ ಅಂದರೆ ಹಳಿ ಕವಲೊಡೆಯುವ ಜಾಗ. ಈಗ ಗಂಟೆಗಟ್ಟಲೆ ಕೈ ಮುಟ್ಟದೆ ಓಡುತ್ತಿದೆ. ಹೇಗೆ ಮಾಡಿದೆ ಅಂತ ಅವರೇ ಕೇಳುತ್ತಿದ್ದಾರೆ.

ನಮ್ಮ ತಾತ ಆ ಲೈನಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಬಂಗಾರಪೇಟೆಯನ್ನು ಕೊನೆಯವರೆಗೂ ಬೌರಿಂಗ್‌ಪೇಟೆ ಅಂತಲೇ ಕರೆಯುತ್ತಿದ್ದರು. ಹೈಸ್ಕೂಲಿನಲ್ಲಿ ನನಗಿದ್ದ ಮಾಡೆಲ್ ರೈಲಿನ ಹುಚ್ಚು ಕೆಲಸ, ಸಂಸಾರ ಅಂತ ಬಿಟ್ಟೇ ಹೋಗಿತ್ತು. 2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರ ಬ್ರಾಡ್ ಗೇಜ್ ಆದ ಮೇಲೆ ಒಮ್ಮೆ ಅದರಲ್ಲಿ ಹೋದೆ. ತಾತ ಬಡಿದು ಕೂರಿಸಿದ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಒಂದೂ ಅಲ್ಲಿಲ್ಲ. ಅದನ್ನು ಎಲ್ಲಾದರೂ ಉಳಿಸಬೇಕು ಅನ್ನಿಸಿತು. ವಾಪಸ್ ಬಂದವನೇ ಹಳೇ ಟೂಲ್ ಡಬ್ಬ ತೆಗೆದೆ.

ಲೆಕ್ಕ ನಮ್ಮ ಪರವಾಗಿಯೇ ಇದೆ. ಆ ಲೈನಿನ ಗೇಜ್ 762 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 8.76. ಎನ್ ಸ್ಕೇಲ್ (1:160ರ ರೆಡಿಮೇಡ್ ಮಾಡೆಲ್ ಅಳತೆ) ಹಳಿಯ 9 ಮಿ.ಮೀ.ಗೆ ಕಾಲು ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಅಂದರೆ ಚಾಸಿ (ಮೋಟರ್, ಗಾಲಿ ಇರುವ ಇಂಜಿನ್ ಕೆಳಭಾಗ), ಬೋಗಿ (ಡಬ್ಬಿ ಕೆಳಗಿನ ಗಾಲಿ ಕಟ್ಟು), ಗಾಲಿ ಎಲ್ಲಾ ಎನ್‌ನಲ್ಲೇ ಸಿಗುತ್ತೆ. ನಮ್ಮ ಬ್ರಾಡ್ ಗೇಜನ್ನು ಎಚ್‌ಓ (1:87ರ ಸಾಮಾನ್ಯ ಮಾಡೆಲ್) ಹಳಿ ಮೇಲೆ ಮಾಡೋರಿಗೆ ಈ ಅನುಕೂಲ ಇಲ್ಲ. ಅವರಿಗೆ 19 ಮಿ.ಮೀ. ಮೇಲೆ ಬೇಕು, ಕೈಗೆ ಸಿಗೋದು 16.5.

ತೊಂದರೆ ಇದ್ದದ್ದು ಸ್ಲೀಪರಿನಲ್ಲಿ. ಎನ್ ಫ್ಲೆಕ್ಸ್ ಟ್ರ್ಯಾಕಿನ (ಬೇಕಾದಂತೆ ಬಗ್ಗಿಸುವ ರೆಡಿಮೇಡ್ ಹಳಿ) ಸ್ಲೀಪರ್‌ಗಳು 1:160ಕ್ಕೆ ಮಾಡಿದವು. ಸಣ್ಣವು, ಒತ್ತೊತ್ತಾಗಿರುತ್ತವೆ. ಅದರ ಮೇಲೆ 1:87 ಡಬ್ಬಿ ನಿಲ್ಲಿಸಿದರೆ ಕಣ್ಣಿಗೆ ಹಿಡಿಸೋದೇ ಇಲ್ಲ. ಒಂದು ಬಿಟ್ಟು ಒಂದು ಸ್ಲೀಪರ್ ಕತ್ತರಿಸಿ ಅಂತರ ಹೆಚ್ಚಿಸಿದ್ದಾಯಿತು. ಬೇಸಿಗೆ ಬಂದಾಗ ತಿರುವಿನಲ್ಲಿ ಗೇಜ್ ಅಗಲವಾಗಿ ಡಬ್ಬಿಗಳು ಸಾಲಾಗಿ ಕೆಳಗಿಳಿದವು. ಕಾರ್ಡ್‌ಬೋರ್ಡ್ ಸ್ಲೀಪರ್ ಅಂಟಿಸಿ ನೋಡಿದೆ, ಮಳೆಗಾಲದಲ್ಲಿ ಉಬ್ಬಿತು. ಅಷ್ಟರಲ್ಲಿ ಆರೇಳು ಸಾವಿರದ ಟ್ರ್ಯಾಕ್ ಹಾಳಾಗಿತ್ತು.

ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಾಮ್ರದ ಪದರ ಇರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಶೀಟ್ ತಂದೆ. ಒಂದಕ್ಕೆ ನೂರೈವತ್ತರ ಆಸುಪಾಸು. ಐದಡಿ ಉದ್ದ, ಏಳಿಂಚು ಅಗಲದ ಸ್ಲೀಪರ್ ನಮ್ಮ ಸ್ಕೇಲಿನಲ್ಲಿ 17.5 ಮಿ.ಮೀ. ಉದ್ದ, 2 ಮಿ.ಮೀ. ಅಗಲ ಆಗುತ್ತೆ. ಆ ಅಳತೆಗೆ ಕತ್ತರಿಸಿ, ಫ್ಲೆಕ್ಸ್‌ನಿಂದ ಎಳೆದ ಕೋಡ್ 55 ಹಳಿಯನ್ನು (ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಲೆಕ್ಕದಲ್ಲಿ) ಬೆಸುಗೆ ಹಾಕಿದೆ. ಕೋಡ್ 40 ಇನ್ನೂ ಚೆನ್ನಾಗಿ ಕಾಣುತ್ತೆ, ಆದರೆ ಗಾಲಿಯ ಫ್ಲ್ಯಾಂಜ್ (ಉಬ್ಬಿದ ಅಂಚು) ಬೆಸುಗೆಗೆ ತಾಗುತ್ತೆ. ಇಂಜಿನ್‌ಗೆ ಕರೆಂಟ್ ಬರೋದು ಎರಡು ಹಳಿಗಳಿಂದ, ಹಾಗಾಗಿ ಅವು ಒಂದಕ್ಕೊಂದು ಸೇರದಂತೆ ಪ್ರತಿ ಸ್ಲೀಪರಿನ ಮಧ್ಯಭಾಗದಲ್ಲಿ ತಾಮ್ರ ಕೆರೆದು, ಆಮೇಲೆ ಮಲ್ಟಿಮೀಟರ್ ಬಜರ್ ಹಾಕಿ ನೋಡಲೇಬೇಕು. ಕೂದಲೆಳೆಯಷ್ಟು ತಾಮ್ರ ಉಳಿದರೂ ಇಡೀ ಲೈನ್ ಶಾರ್ಟ್, ಎಲ್ಲಿ ಅಂತ ಹುಡುಕೋದು ನರಕ. 25 ವಾಟ್ ಐರನ್ ಸಾಲದು, 60 ಹಿಡಿಯಿರಿ, ಮುಟ್ಟಿಸಿ ತಕ್ಷಣ ತೆಗೆಯಿರಿ. ಗೇಜ್ ಹಿಡಿಯೋಕೆ ಪೀಣ್ಯದಲ್ಲಿ ಪರಿಚಯದವರೊಬ್ಬರ ಲೇತ್‌ನಲ್ಲಿ ಹಳಿ ಕೂರುವ ಎರಡು ಗೀರು ಇರುವ ಅಲ್ಯೂಮಿನಿಯಂ ಗಟ್ಟಿ ಮಾಡಿಸಿದೆ, ಮುನ್ನೂರೋ ನಾನೂರೋ ಕೊಟ್ಟೆ. ಇಡೀ ಲೇಔಟಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ತಿರುವಿನಲ್ಲಿ ಗೇಜನ್ನು ಒಂಚೂರು ಸಡಿಲ ಬಿಡಬೇಕು. ಎಷ್ಟು ಅನ್ನೋದು ನಿಮ್ಮ ಗಾಲಿಗಳೇ ಹೇಳುತ್ತವೆ.

ಇನ್ನು ಇಂಜಿನ್ ನಿಲ್ಲುತ್ತೆ ಅನ್ನೋ ಮಾತು. ಗಾಲಿಗಳ ನಡುವಿನ ದೂರ ಕಮ್ಮಿ, ಕರೆಂಟ್ ಹಿಡಿಯೋ ಗಾಲಿಗಳೂ ಕಮ್ಮಿ, ಹಾಗಾಗಿ ಭಯ ಸುಳ್ಳಲ್ಲ. ನಾನು ಸೆಕೆಂಡ್ ಹ್ಯಾಂಡ್ ಜಪಾನಿ ಎನ್ ಚಾಸಿಗೆ ಸ್ಟೈರೀನ್ (ಪ್ಲಾಸ್ಟಿಕ್ ಹಾಳೆ) ಬಾಡಿ ಕೂರಿಸಿ, ಟೆಂಡರಿನ (ಇಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಡಬ್ಬಿ) ಎಲ್ಲಾ ಗಾಲಿಗಳಿಂದಲೂ ಕರೆಂಟ್ ಎಳೆದೆ. ಕರೆಂಟ್ ಎಳೆಯಲು ಗಾಲಿಗೆ ಉಜ್ಜುವ ಫಾಸ್ಫರ್ ಬ್ರಾಂಜ್ ತಂತಿ ತುಂಬಾ ಬಿಗಿಯಾದರೆ ಟೆಂಡರ್ ಉರುಳಲ್ಲ, ಸಡಿಲವಾದರೆ ಪ್ರಯೋಜನ ಇಲ್ಲ. ಆ ತಂತಿಯನ್ನು ಎಲ್ಲಿಂದ ತಂದೆ, ಹೇಗೆ ಬಗ್ಗಿಸಿದೆ ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಪಾಯಿಂಟ್‌ಗೆ ಮೋಟರ್ ಹಾಕಲಿಲ್ಲ. ಬೋರ್ಡಿನ ಕೆಳಗೆ ಇಪ್ಪತ್ತು ರೂಪಾಯಿಯ ಡಬಲ್ ಪೋಲ್ ಸ್ಲೈಡ್ ಸ್ವಿಚ್. ಅದೇ ಬ್ಲೇಡನ್ನೂ (ದಾರಿ ಬದಲಿಸುವ ಹಳಿ ತುಂಡು) ಸರಿಸುತ್ತೆ, ಫ್ರಾಗಿನ (ಎರಡು ಹಳಿ ಕೂಡುವ ಜಾಗ) ಪೊಲಾರಿಟಿಯನ್ನೂ ಬದಲಿಸುತ್ತೆ. ನಡೆಯೋ ವೇಗದಲ್ಲಿ ಇಂಜಿನ್ ಪಾಯಿಂಟ್ ದಾಟೋದನ್ನು ಬಂದು ನೋಡಿದವರು ಬಗ್ಗಿ ಬಗ್ಗಿ ನೋಡಿದರು.

ನೆಲಕ್ಕೆ ಚಿಕ್ಕಬಳ್ಳಾಪುರದ್ದೇ ಕೆಂಪು ಮಣ್ಣು ತಂದು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಅಯಸ್ಕಾಂತ ಆಡಿಸದೆ ಆ ಮಣ್ಣು ಹಾಕಲೇಬೇಡಿ. ಅದರಲ್ಲಿನ ಕಪ್ಪು ಕಬ್ಬಿಣದ ಹುಡಿ ಮೋಟರಿನ ಮ್ಯಾಗ್ನೆಟ್‌ಗೆ ಹೋಗಿ ಅಂಟುತ್ತೆ. ಒಂದು ಬಟ್ಟಲು ಮಣ್ಣಿನಿಂದ ಒಂದು ಚಿಟಿಕೆಗಿಂತ ಜಾಸ್ತಿಯೇ ಬಂತು. ನಂದಿ ಕಡೆಯ ಬಂಡೆಗಳಿಗೆ ಪ್ಲಾಸ್ಟರ್ ಹಾಕಿದ್ದೆ, ಕಿತ್ತು ಹಾಕಿ ನಿಜವಾದ ಕಲ್ಲಿನ ಚಕ್ಕೆಯನ್ನೇ ಇಟ್ಟೆ. ಗ್ರಾನೈಟಿನ ಮಿನುಗು ಬಣ್ಣದಲ್ಲಿ ಬರಲ್ಲ. ಒಣಗಿದ ತುಳಸಿ ಕಡ್ಡಿಯಲ್ಲಿ ಮರಗಳು ಚೆನ್ನಾಗಿ ಬಂದವು, ಮುಟ್ಟಿದರೆ ಉದುರುತ್ತವೆ ಅನ್ನೋದು ಬಿಟ್ಟರೆ. ಹೊಗೆ ಜನರೇಟರನ್ನೂ ಹಾಕಿ ನೋಡಿದೆ. ಹಳಿ ಮೇಲೆ ಎಣ್ಣೆ ಪದರ ಕೂತು ಮೂರು ದಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಿಡಿದು ಒರೆಸಬೇಕಾಯಿತು. ತೆಗೆದು ಹಾಕಿದೆ.

ದುಡ್ಡಿನ ವಿಷಯ. ನಾಲ್ಕು ಅಡಿಗೆ ಎರಡು ಅಡಿ ಬೋರ್ಡು, ಒಂಬತ್ತು ಇಂಚು ರೇಡಿಯಸ್, ಹಾಳಾದದ್ದೂ ಸೇರಿ ಮೂವತ್ತೈದು ಸಾವಿರದ ಹತ್ತಿರ ಆಗಿದೆ. ಅದರಲ್ಲಿ ಚಾಸಿ ಒಂದೇ ಹತ್ತು ಸಾವಿರ ಚಿಲ್ಲರೆ. ಹೊರಗಿಂದ ಎಲ್ಲವನ್ನೂ ತರಿಸಿದ್ದರೆ ಮೂರು ಪಟ್ಟು ಆಗುತ್ತಿತ್ತು. ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಮ್ಮ ಸಾಮಾನು ಬರೋದೂ ಆ ಲೆಕ್ಕದಲ್ಲೇ. ಹಾಗಾಗಿ ಹಳಿ, ಡಬ್ಬಿ ಎಲ್ಲಾ ಮನೆಯಲ್ಲೇ ಮಾಡೋದು ಕಲಿಯಿರಿ, ಚಾಸಿಗೆ ಮಾತ್ರ ದುಡ್ಡು ಸುರಿಯಿರಿ.

ಈಗ ಗ್ಯಾಂಗ್ ಕ್ವಾರ್ಟರ್ಸ್ ಕಟ್ಟುತ್ತಿದ್ದೇನೆ. ಮಂಗಳೂರು ಹೆಂಚು ಈ ಸ್ಕೇಲಿನಲ್ಲಿ ಐದು ಮಿ.ಮೀ. ಕೂಡ ಬರಲ್ಲ. ಬಾಚಣಿಗೆ ಹಲ್ಲಿನ ಮೇಲೆ ದಪ್ಪ ಫಾಯಿಲ್ ಒತ್ತಿ ನೋಡಿದೆ, ಸಾಲು ನೇರವಾಗಿ ಬಂತು ಆದರೆ ಅಂಚು ಹರಿಯುತ್ತಿದೆ. ಔಷಧಿ ಮಾತ್ರೆ ಪಟ್ಟಿಯ ಫಾಯಿಲ್ ಮುಂದಿನ ಪ್ರಯತ್ನ.