ಡಿಸ್ಲೆಕ್ಸಿಯಾ ತರಬೇತಿ: ಒತ್ತಕ್ಷರದಿಂದ ಶುರು ಮಾಡಿ

ಬುದ್ಧಿಯಿದ್ದೂ ಓದು-ಬರಹ ಮಾತ್ರ ತೊಡಕಾಗುವುದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಅದರ ಬಗ್ಗೆ ಶಿಕ್ಷಕರಿಗೆ ತರಬೇತಿ ಅಂದರೆ ತೆರೆಯ ಮೇಲೆ ಒಂದಕ್ಕೊಂದು ಅದಲುಬದಲಾಗುವ ಇಂಗ್ಲಿಷಿನ ಬಿ, ಡಿ ಅಕ್ಷರಗಳು ಬರುತ್ತವೆ. ಮಳವಳ್ಳಿ, ಪಾಂಡವಪುರದ ಕಡೆ ಮೂರನೇ ತರಗತಿಗೆ ಕನ್ನಡ ಕಲಿಸುವ ಮೇಷ್ಟ್ರಿಗೆ ಅದರಿಂದ ದಕ್ಕುವುದು ಕಡಿಮೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅರ್ಧ ದಿನ ಸಿಕ್ಕರೆ ಹೀಗೆ ಮಾಡಿ.

ಮೊದಲು ಶಿಕ್ಷಕರೇ ಓದಲಿ. ಒಂದು ಪ್ಯಾರಾದಲ್ಲಿ ಪ ಇದ್ದಲ್ಲಿ ವ, ವ ಇದ್ದಲ್ಲಿ ಪ ಹಾಕಿ, ಒತ್ತುಗಳನ್ನು ಅದಲುಬದಲು ಮಾಡಿ ಕೊಡಿ. ಎದ್ದು ನಿಂತು ಸರಿಯಾದ ಪದವನ್ನೇ ಗಟ್ಟಿಯಾಗಿ ಓದಬೇಕು. ಉಳಿದವರು ‘ಬೇಗ, ಬೇಗ’ ಅನ್ನಬೇಕು. ಎರಡನೇ ಸಾಲಿಗೇ ಬೆವರು ಇಳಿಯುತ್ತದೆ. ಭಾಷಣ ಬಿಟ್ಟರೂ ಇದನ್ನು ಬಿಡಬೇಡಿ.

ಆಮೇಲೆ ಹಲಗೆಯ ಮೇಲೆ ‘ಸೂರ್ಯ’ ಬರೆಯಿರಿ. ಬಾಯಲ್ಲಿ ಮೊದಲು ಬರುವ ರ್, ಬರೆಯುವಾಗ ಯ ಆದಮೇಲೆ ಅರ್ಕಾವತ್ತಾಗಿ ಕೂರುತ್ತದೆ. ಇಲ್ಲಿ ಬಹಳಷ್ಟು ಮಕ್ಕಳು ಎಡವುತ್ತಾರೆ. ಜೊತೆಯವರು ದಾಟಿದ ಮೇಲೂ, ತಿಂಗಳುಗಟ್ಟಲೆ ಹೇಳಿಕೊಟ್ಟ ಮೇಲೂ ಅಲ್ಲೇ ನಿಂತ ಮಗುವನ್ನು ಗಮನಿಸಬೇಕು. ಅದು ಡಿಸ್ಲೆಕ್ಸಿಯಾ ಆಗಿದ್ದರೆ ಮಗುವಿನ ಬುದ್ಧಿಗೆ ಕೊರತೆಯಿಲ್ಲ. ಧ್ವನಿಗೂ ಅಕ್ಷರಕ್ಕೂ ನಂಟು ಬೇಗ ಕೂಡುವುದಿಲ್ಲ, ಅಷ್ಟೆ.

ಮೂರನೆಯದು ನೋಟ್‌ಬುಕ್ ಕೆಲಸ. ಇದಕ್ಕೆ ಒಂದು ಗಂಟೆಯಾದರೂ ಇಡಿ. ಮಕ್ಕಳ ಹೆಸರು ಮುಚ್ಚಿ ತಪ್ಪುಗಳನ್ನು ವಿಂಗಡಿಸಿ: ಒತ್ತು ಬಿಟ್ಟದ್ದು (‘ಅಕ್ಕ’ ಹೋಗಿ ‘ಅಕ’), ದೀರ್ಘ ನುಂಗಿದ್ದು, ಅಕ್ಷರ ಹಿಂದುಮುಂದಾದದ್ದು. ‘ಹಾಲು’ ಬದಲು ‘ಆಲು’, ‘ಭೂಮಿ’ ಬದಲು ‘ಬೂಮಿ’ ಅಂತ ಇದ್ದರೆ ಪಕ್ಕಕ್ಕಿಡಿ. ಅದು ನಮ್ಮ ಮಂಡ್ಯದ ಮನೆಮಾತು, ಅದಕ್ಕೆಲ್ಲ ಡಿಸ್ಲೆಕ್ಸಿಯಾ ಅಂದರೆ ಅರ್ಧ ಜಿಲ್ಲೆಯನ್ನೇ ತಪಾಸಣೆಗೆ ಕಳಿಸಬೇಕಾದೀತು!

ಕಲಿಸುವ ರೀತಿಯನ್ನು ಜೋಡಿಯಾಗಿ ಕೂತು ಅಭ್ಯಾಸ ಮಾಡಲಿ. ವಾರಕ್ಕೆ ಒಂದೇ ಒತ್ತು. ತಟ್ಟೆಯಲ್ಲಿ ರಾಗಿ ಹಿಟ್ಟು ಹರವಿ, ಉಚ್ಚರಿಸುತ್ತಾ ಬೆರಳಲ್ಲಿ ಬರೆಸುವುದು. ಮೂಲಾಕ್ಷರ ಒಂದು ಬಣ್ಣ, ಒತ್ತು ಇನ್ನೊಂದು. ವಿಜ್ಞಾನ, ಪರಿಸರ ಪಾಠದ ಉತ್ತರವನ್ನು ಬಾಯಲ್ಲಿ ಹೇಳಿದರೂ ಒಪ್ಪುವುದು. ಮುಂಚೆ ಓದಿಸದ ಪಾಠವನ್ನು ತರಗತಿಯ ಮುಂದೆ ಎಬ್ಬಿಸಿ ಓದಿಸಲೇಬಾರದು.

ಡಿಸ್ಲೆಕ್ಸಿಯಾ ಎಂದು ಹೆಸರಿಡುವುದು ಶಿಕ್ಷಕರ ಕೆಲಸವಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ. ನಂತರ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ, ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ. ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಬೇಕಾದರೆ ಪ್ರಮಾಣಪತ್ರ ಕೇಳುತ್ತಾರೆ; ಪರೀಕ್ಷೆ ಹತ್ತಿರವಾದಾಗ ತಾಯಿ-ತಂದೆ ಬಸ್ಸು ಹಿಡಿದು ಅಲೆಯುವಂತೆ ಮಾಡದೆ ಐದನೇ ತರಗತಿಯಲ್ಲೇ ವಿಷಯ ತಿಳಿಸಿ.